ಬಂದರುಗಳ ಜಗಳ, ಮುಂಬಯಿಯ ಲಾಭ

1984ನೆಯ ಇಸವಿ. ನಾನು ಬ್ಯಾಂಕು ಸೇರಿ ಎರಡು ವರ್ಷವಾಗಿತ್ತು. ಸಾಲಕ್ಕೆ ಅಡವಿಟ್ಟ ಹತ್ತಿಯನ್ನು ಎಣಿಸಿ ಬರಲು ಮ್ಯಾನೇಜರು ನನ್ನನ್ನು ಕಾಟನ್ ಗ್ರೀನ್‌ನ ಗೋದಾಮಿಗೆ ಕಳಿಸಿದ್ದರು. ಹಾರ್ಬರ್ ಲೈನಿನಲ್ಲಿ ಆ ಹೆಸರಿನ ಸ್ಟೇಷನ್ನೇ ಇದೆ. ಗಿರಣಿ ಮುಷ್ಕರದ ಪೆಟ್ಟಿನಿಂದ ಆ ಭಾಗವೆಲ್ಲ ಮಂಕಾಗಿದ್ದ ಕಾಲ ಅದು. ಗೋದಾಮಿನ ಮುದಿ ಮುಕಾದಮರು ಚಹಾ ತರಿಸಿ, ನನ್ನ ಹಿಂದಿ ಕೇಳಿ ನಕ್ಕು, ‘ಸಾಹೇಬರ ಊರು ಯಾವುದು?’ ಅಂದರು. ಕುಮಟೆ ಅಂದೆ. ಕಾರವಾರದ ಹತ್ತಿರ ಅಂತ ಬಿಡಿಸಿ ಹೇಳಬೇಕು ಎನ್ನುವಷ್ಟರಲ್ಲಿ ಅವರು ಕಣ್ಣರಳಿಸಿ ಹೇಳಿದರು: ‘ಹತ್ತಿಯ ಕುಮಟೆಯೋ! ಅದು ಊರಿನ ಹೆಸರು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮಪ್ಪನ ಕಾಲದಲ್ಲಿ ಕುಮಟಾ ಅಂದರೆ ಮಾಲು.’

ಎಂ.ಕಾಂ. ಮುಗಿಸಿ ಬಂದವನಿಗೆ ನಾಚಿಕೆಯಾಯಿತು. ನಮ್ಮೂರಲ್ಲಿ ಒಂದು ಗಿಡ ಹತ್ತಿಯನ್ನೂ ನಾನು ನೋಡಿದವನಲ್ಲ. ತೆಂಗು, ಅಡಿಕೆ, ಗದ್ದೆ, ಮೀನು – ಇಷ್ಟೇ ನಮ್ಮೂರು. ಹತ್ತಿಗೆ ನಮ್ಮೂರ ಹೆಸರು ಹೇಗೆ ಬಂತು?

ಆಗ ಅಜ್ಜನ ಮಾತು ನೆನಪಾಯಿತು. ಅಜ್ಜನ ತಂದೆ ಕುಮಟೆಯ ಹತ್ತಿ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಜಗಲಿಯಲ್ಲಿ ಕೂತು ಅಜ್ಜ ಹೇಳುತ್ತಿದ್ದುದು ಒಂದೇ ಮಾತು: ‘ಹತ್ತಿ ಘಟ್ಟದ ಮೇಲಿನದು ತಮ್ಮಾ, ಹೆಸರು ಮಾತ್ರ ನಮ್ಮದು. ಕಾರವಾರದವರು ನಮ್ಮ ಬಂದರ ತಿಂದರು. ಕಾರವಾರದ್ದನ್ನ ಗೋವೆಯವರು ತಿಂದರು. ರೈಲು ಕದ್ದರು ಮಾರಾಯಾ, ರೈಲು!’ ರೈಲನ್ನು ಕದಿಯುವುದು ಹೇಗೆ ಅಂತ ನಾವು ಮಕ್ಕಳು ನಗುತ್ತಿದ್ದೆವು. ಗೋದಾಮಿನಿಂದ ಹಿಂದಿರುಗುವಾಗ ಮೊದಲ ಸಲ ಅನಿಸಿತು, ಅಜ್ಜನ ಮಾತಿನಲ್ಲಿ ಲೆಕ್ಕ ಇದ್ದಿರಬಹುದು. ಅಂದಿನಿಂದ ಬಿಡುವಾದಾಗಲೆಲ್ಲ ಮುಂಬಯಿಯ ಗ್ರಂಥಾಲಯಗಳಲ್ಲಿ ಹಳೆಯ ಗೆಝೆಟಿಯರು, ರೈಲ್ವೆ ವರದಿ ಅಂತ ತಡಕಾಡುತ್ತ ಬಂದಿದ್ದೇನೆ. ತಿಳಿದದ್ದನ್ನು ಊರಿನವರ ಮುಂದೆ ಇಡುತ್ತಿದ್ದೇನೆ.

ಮೊದಲು ಕುಮಟೆಯ ಕತೆ. ಧಾರವಾಡ, ಹುಬ್ಬಳ್ಳಿ, ಗದಗದ ಕರಿಮಣ್ಣಿನಲ್ಲಿ ಬೆಳೆಯುವ ಹತ್ತಿ ಸಮುದ್ರ ಸೇರಬೇಕಾದರೆ ಘಟ್ಟ ಇಳಿಯಬೇಕು. ಹೇರೆತ್ತುಗಳ ಮೇಲೆ, ಆಮೇಲೆ ಗಾಡಿಗಳಲ್ಲಿ ಅದು ಸಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿ ಅಂಡಿಗೆ ಕಟ್ಟಿ ಪತ್ತೇಮಾರಿಗಳಲ್ಲಿ ತುಂಬಿ ಮುಂಬಯಿಗೆ ಕಳಿಸುತ್ತಿದ್ದರು. ಮುಂಬಯಿಯಲ್ಲಿ ಮತ್ತೆ ಬಿಗಿಯಾಗಿ ಪ್ರೆಸ್ ಮಾಡಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹಡಗು ಹತ್ತಿಸುತ್ತಿದ್ದರು. ಪೇಟೆಯವರಿಗೆ ಬೆಳೆದ ಊರು ಬೇಕಿಲ್ಲ, ಹಡಗು ಬಿಟ್ಟ ಊರು ಸಾಕು. ಹಾಗಾಗಿ ಧಾರವಾಡದ ನಾಟಿ ಹತ್ತಿಗೆ ಲೋಕದ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತಿತು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಬೀಜ ಬಂದು ಇನ್ನೊಂದು ತಳಿ ಹಬ್ಬಿತು. ಅದಕ್ಕೆ ‘ಧಾರವಾರ್ ಅಮೆರಿಕನ್’ ಎಂದು ಹೆಸರು.

ಆದರೆ ಕುಮಟೆ ಬಂದರಾಗಿ ಬಡವ. ಹಡಗು ತೆರೆದ ಸಮುದ್ರದಲ್ಲೇ ನಿಲ್ಲಬೇಕು. ಮಳೆಗಾಲದಲ್ಲಿ ಬಾಗಿಲು ಹಾಕಿದಂತೆ. ನಾಟಿ ಹತ್ತಿಯನ್ನು ಬಿಡಿಸುವುದೋ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಜೂನ್ ಮೊದಲ ಮಳೆಗೆ ಮುಂಚೆ ಘಟ್ಟ ಇಳಿದು ದೋಣಿ ಹತ್ತಿದ ಹತ್ತಿಗೆ ದುಡ್ಡು, ಉಳಿದದ್ದಕ್ಕೆ ನಾಲ್ಕು ತಿಂಗಳ ವಖಾರಿವಾಸ. ಬ್ಯಾಂಕಿನವನಾಗಿ ಹೇಳುತ್ತೇನೆ, ಗೋದಾಮಿನಲ್ಲಿ ಮಲಗಿದ ಮಾಲಿಗೆ ರಾತ್ರಿಯೂ ಬಡ್ಡಿ ಓಡುತ್ತದೆ. ಜೊತೆಗೆ ದಾರಿಯ ಧೂಳು, ದೋಣಿಯ ನೀರು, ಕಲಬೆರಕೆ. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಗೊಣಗುತ್ತಿದ್ದುದು ಇದನ್ನೇ.

ಗೊಣಗಾಟ ಗಾಬರಿಯಾದದ್ದು 1861ರಲ್ಲಿ. ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಲಂಕಾಶೈರಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲಿಗೂ ಹೆಚ್ಚು ಅಲ್ಲಿಂದಲೇ ಬರುತ್ತಿತ್ತು. ಇನ್ನು ಹತ್ತಿ ಎಲ್ಲಿಂದ? ಹಿಂದೂಸ್ತಾನದಿಂದ. ಅದರಲ್ಲೂ ಅಮೆರಿಕದ ತಳಿ ಹಿಡಿದಿದ್ದ ಧಾರವಾಡದಿಂದ. ಮುಂಬಯಿಯ ದಲಾಲಿಯನ್ನು ತಪ್ಪಿಸಿ, ಕನ್ನಡ ಕರಾವಳಿಯಿಂದಲೇ ನೇರ ಲಿವರ್‌ಪೂಲಿಗೆ ಹಡಗು ಬಿಡಬೇಕೆಂದು ಮ್ಯಾಂಚೆಸ್ಟರಿನವರ ಯೋಜನೆ. ಅವರ ಕಣ್ಣು ಬಿದ್ದದ್ದು ಕಾಳಿ ನದಿಯ ಮುಖದ ಸದಾಶಿವಗಡ ಮತ್ತು ಕಾರವಾರದ ಕೊಲ್ಲಿಯ ಮೇಲೆ. ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳು, ಹಿಂದೆ ಗುಡ್ಡದ ಚಾಚು – ಹಡಗಿಗೆ ಗಾಳಿಮಳೆಯಿಂದ ಆಸರೆ ಕೊಡುವ ನೀರು ಅದು. ಇಂಗ್ಲಿಷರಿಗೆ ಈ ಜಾಗ ಹೊಸದೇನೂ ಅಲ್ಲ. 1638ರಲ್ಲೇ ಕೋರ್ಟೀನ್ ಎಂಬವರ ಕಂಪನಿ ಅಲ್ಲಿ ಕೋಠಿ ತೆರೆದಿತ್ತು.

ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂದೊಂದು ಹುಟ್ಟಿಕೊಂಡಿತು. ಹೇವುಡ್ ಎಂಬ ಪ್ರತಿನಿಧಿ ಸದಾಶಿವಗಡಕ್ಕೆ ಬಂದ. ಹಿಂದೆ ಹತ್ತಿ ಒತ್ತುವ ಯಂತ್ರಗಳೂ ಬಂದವು. ಬಂದವನಿಗೆ ಕಂಡದ್ದು ಸುಂದರವಾದ ದಂಡೆ, ಅಷ್ಟೆ. ಯಂತ್ರ ಇಳಿಸಲು ಧಕ್ಕೆ ಇಲ್ಲ, ಘಟ್ಟ ಹತ್ತಲು ರಸ್ತೆ ಮುಗಿದಿಲ್ಲ. ಕೈಗಾ ಘಾಟಿನ ರಸ್ತೆ ಇನ್ನೂ ಆಗುತ್ತಿತ್ತು. ಇಂದು ಅಣುಸ್ಥಾವರದಿಂದ ಹೆಸರಾದ ಅದೇ ಕೈಗಾ. ಆಗ ಕೆನರಾ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ, ಹತ್ತಿ ಬೆಳೆಯುವ ಧಾರವಾಡ ಮುಂಬಯಿಯ ಆಡಳಿತದಲ್ಲಿ. ಮೇಲಿನ ರಸ್ತೆ ಒಬ್ಬರದು, ಕೆಳಗಿನ ರಸ್ತೆ ಇನ್ನೊಬ್ಬರದು. ಮದ್ರಾಸಿಗೆ ದೂರದ ಈ ಮೂಲೆಯ ಮೇಲೆ ಅವಸರವಿರಲಿಲ್ಲ. ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಗಲಾಟೆ ಮಾಡಿದರು. ಪರಿಣಾಮವಾಗಿ 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮಂಗಳೂರಿನ ಕಡೆಯವರು ಮದ್ರಾಸಿನಲ್ಲೇ ಉಳಿದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದೇ ಕರಾವಳಿ, ಒಂದೇ ಊಟ, ಒಂದೇ ಯಕ್ಷಗಾನ. ಆದರೂ ಮಂಗಳೂರಿನ ಹುಡುಗ ಹೆಚ್ಚಿನ ಓದಿಗೆ, ಕೋರ್ಟಿಗೆ ಮದ್ರಾಸಿನ ಕಡೆ ಮುಖ ಮಾಡಬೇಕಾಯಿತು. ಕುಮಟೆ, ಕಾರವಾರದವನು ಮುಂಬಯಿಯ ಕಡೆ. 1956ರವರೆಗೆ ತೊಂಬತ್ತನಾಲ್ಕು ವರ್ಷ ನಾವು ಮುಂಬಯಿಯ ಪ್ರಜೆಗಳು. ಅದಕ್ಕೆ ಕಾರಣ ಭಾಷೆಯಲ್ಲ, ರಾಜರಲ್ಲ, ಹತ್ತಿ ಅಂಡಿಗೆ.

ಮುಂಬಯಿ ಸರ್ಕಾರ ಕೈಕಟ್ಟಿ ಕೂರಲಿಲ್ಲ, ಅದನ್ನು ಹೇಳಲೇಬೇಕು. ಜಿಲ್ಲೆಯ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಕೋಡಿಬಾಗ, ಬಾಡ, ಕಾಜುಬಾಗದ ಬೆಸ್ತರ ಕೇರಿಗಳ ನಡುವೆ ಒಂದು ಹೊಸ ಪಟ್ಟಣವೇ ಎದ್ದಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಉರಿಯಿತು. ಘಟ್ಟದ ರಸ್ತೆಯೂ ಮುಗಿಯಿತು. ಇನ್ನು ಬೇಕಾಗಿದ್ದದ್ದು ಒಂದೇ, ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು.

ಅಷ್ಟರಲ್ಲಿ 1865 ಬಂತು. ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ದರ ದೊಪ್ಪನೆ ಬಿತ್ತು. ಮ್ಯಾಂಚೆಸ್ಟರ್ ಕಂಪನಿ ಅದಕ್ಕೂ ಮುಂಚೆಯೇ ಕೈಸುಟ್ಟುಕೊಂಡು ಅಂಗಡಿ ಮುಚ್ಚುವ ದಾರಿ ಹಿಡಿದಿತ್ತು. ಮುಂಬಯಿಯಲ್ಲಿ ಹತ್ತಿಯ ದುಡ್ಡಿನ ಮೇಲೆ ಸಮುದ್ರ ತುಂಬಿಸುವ ಕಂಪನಿಗಳ ಷೇರು ಕಟ್ಟಿದವರೆಲ್ಲ ದಿವಾಳಿಯಾದರು. ಆ ಷೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿ, ಅದೇ ಹೆಸರಿನಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಏರಿದ ಬೆಲೆಯ ಮೇಲೆ ಸಾಲ ಕೊಡಬೇಡ ಎಂಬ ಪಾಠವನ್ನು ನಮ್ಮ ಕಸುಬಿನವರು ಪ್ರತಿ ತಲೆಮಾರಿನಲ್ಲೂ ಹೊಸದಾಗಿಯೇ ಕಲಿಯುತ್ತಾರೆ.

ಆದರೆ ಬಿದ್ದ ಮುಂಬಯಿ ಎದ್ದಿತು, ಕಾರವಾರ ಏಳಲಿಲ್ಲ. ಯಾಕೆ? ಮುಂಬಯಿಗೆ ಹಳಿ ಇತ್ತು. 1860ರ ಹೊತ್ತಿಗೇ ಪುಣೆಯಿಂದ ಸೊಲ್ಲಾಪುರಕ್ಕೆ ರೈಲು ಬಂದಿತ್ತು. 1863ರಲ್ಲಿ ಭೋರ್ ಘಾಟಿನ ಮಾರ್ಗವೂ ತೆರೆಯಿತು. ವಿಜಾಪುರದ ಕಡೆಯ ರೈತ ಗಾಡಿ ಹೂಡಿ ಸೊಲ್ಲಾಪುರ ಮುಟ್ಟಿದರೆ ಸಾಕು, ಘಟ್ಟವನ್ನು ರೈಲೇ ಇಳಿಸುತ್ತಿತ್ತು. 1873ರಲ್ಲಿ ಮುಂಬಯಿಗೆ ಪೋರ್ಟ್ ಟ್ರಸ್ಟ್, 1880ರಲ್ಲಿ ಪ್ರಿನ್ಸಸ್ ಡಾಕ್. ಇತ್ತ ಕಾರವಾರದ ರೈಲಿನ ಯೋಜನೆ ಫೈಲಿನಿಂದ ಫೈಲಿಗೆ ಓಡಾಡುತ್ತಿತ್ತು. 1883ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು ಬಂದು, ಕಾರವಾರದ ನಿರ್ಜನ ದಂಡೆಗೆ ಮಾರುಹೋದರು. ಕವಿಗೆ ಸಿಕ್ಕ ಆ ಮೌನ, ವ್ಯಾಪಾರಿಯ ಪಾಲಿಗೆ ಹಡಗಿಲ್ಲದ ಬಂದರು.

ಈಗ ಅಜ್ಜನ ಕಳ್ಳತನದ ಕತೆಗೆ ಬರೋಣ. ಕಾರವಾರದಿಂದ ಉತ್ತರಕ್ಕೆ ಎಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಗೋವೆಯ ಮುರ್ಮುಗೋವಾ. ಒಳ್ಳೆಯ ಬಂದರು, ಆದರೆ ಪೋರ್ಚುಗೀಸರ ಕೈಯಲ್ಲಿ. 1878ರ ಡಿಸೆಂಬರ್ 26ರಂದು ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. 1880ರಿಂದ ಹನ್ನೆರಡು ವರ್ಷಕ್ಕೆ ಜಾರಿ. ಗೋವೆ ಮತ್ತು ಬ್ರಿಟಿಷ್ ಭಾರತದ ನಡುವೆ ಸುಂಕದ ಗಡಿ ಇಲ್ಲ. ಗೋವೆಯ ಉಪ್ಪಿನ ತಯಾರಿಕೆಯ ಮೇಲೆ ಬ್ರಿಟಿಷರ ಹತೋಟಿ, ಬದಲಿಗೆ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಮುರ್ಮುಗೋವಾ ಬಂದರನ್ನು ಕಟ್ಟಿ ಅಲ್ಲಿಂದ ಘಟ್ಟ ಹತ್ತುವ ರೈಲು ಹಾಕಬೇಕು. ಅದರ ಬಂಡವಾಳಕ್ಕೆ ಬಡ್ಡಿಯ ಖಾತರಿ ಪೋರ್ಚುಗೀಸ್ ಸರ್ಕಾರದ್ದು. ಕಂಪನಿಯ ಹೆಸರಿನಲ್ಲೇ ಆ ಖಾತರಿ ಇದೆ: ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ಗ್ಯಾರಂಟೀಡ್ ರೈಲ್ವೆ.

ಸಾಲದ ಅರ್ಜಿ ನೋಡುವ ಕಣ್ಣಿನಿಂದ ಇದನ್ನು ನೋಡಿ. ಕಾರವಾರಕ್ಕೆ ರೈಲು ಹಾಕಿದರೆ ಘಟ್ಟ ಕಡಿಯುವ ಖರ್ಚೂ ನಷ್ಟದ ಭಯವೂ ಬ್ರಿಟಿಷರದು. ಮುರ್ಮುಗೋವಾಕ್ಕೆ ಹಾಕಿದರೆ ಘಟ್ಟದ ಭಾಗದ ಜಾಮೀನು ಪೋರ್ಚುಗೀಸರದು. ಮೇಲಾಗಿ ಗೋವೆಯಿಂದ ಕಳ್ಳದಾರಿಯಲ್ಲಿ ಬರುತ್ತಿದ್ದ ಉಪ್ಪೂ ನಿಲ್ಲುತ್ತದೆ. ಇಂಥ ಅರ್ಜಿ ಬಂದರೆ ಯಾವ ಮ್ಯಾನೇಜರು ಬಿಡುತ್ತಾನೆ? ರೈಲನ್ನು ಗೋವೆಯವರು ಕದಿಯಲಿಲ್ಲ. ಕಲ್ಕತ್ತ, ಲಂಡನ್ನಿನ ಮೇಜಿನ ಮೇಲೆ ಯಾರೋ ಕೂಡಿ ಕಳೆದು ಕೊಟ್ಟುಬಿಟ್ಟರು. 1888ರಲ್ಲಿ ಮುರ್ಮುಗೋವಾದ ಹಳಿ ದೂಧಸಾಗರದ ಪಕ್ಕದಲ್ಲೇ ಘಟ್ಟ ಹತ್ತಿ ಕ್ಯಾಸಲ್‌ರಾಕಿನಲ್ಲಿ ಸದರ್ನ್ ಮರಾಠಾ ರೈಲ್ವೆಯನ್ನು ಕೂಡಿತು. ಧಾರವಾಡದ ಹತ್ತಿ ದೇವಿಮನೆ ಘಟ್ಟ ಇಳಿಯುವುದು ಕಡಿಮೆಯಾಗುತ್ತ ಹೋಯಿತು. ಮುತ್ತಜ್ಜನ ವಖಾರಿಯಲ್ಲಿ ಬರೆಯಲು ಲೆಕ್ಕವೇ ಉಳಿಯಲಿಲ್ಲ. ಅಜ್ಜನ ಹಿರಿಯಣ್ಣ ಪತ್ತೇಮಾರಿ ಹತ್ತಿ ಮುಂಬಯಿಗೆ ಹೋದರು. ಹತ್ತಿಯ ಅಂಡಿಗೆ ಹೋಗುತ್ತಿದ್ದ ದಾರಿಯಲ್ಲೇ ಮನೆಯ ಮಗನೂ ಹೋದ. ಅವರಿಂದ ಶುರುವಾದ ಸಾಲಿನಲ್ಲಿ ನಾನು ನಾಲ್ಕನೆಯವನು.

ಗೋವೆ ಗೆದ್ದಿತು ಎಂದುಕೊಂಡೇ ನಾನು ಬಹಳ ವರ್ಷ ಇದ್ದೆ. ಕಣ್ಣು ತೆರೆಸಿದವರು ನನ್ನ ಬ್ಯಾಂಕಿನ ಸಹೋದ್ಯೋಗಿಯೊಬ್ಬರು, ಸಾಸಷ್ಟಿಯ ಕಡೆಯ ಗೋವೆಯವರು. ಊಟದ ಡಬ್ಬಿ ಬಿಚ್ಚಿದಾಗ ಅವರಿಗೆ ನನ್ನ ಮೀನು ಸಾರಿನ ಪರಿಮಳ, ನನಗೆ ಅವರದು. ಒಂದು ದಿನ ತಮಾಷೆಗೆ, ‘ನಿಮ್ಮವರು ನಮ್ಮ ರೈಲು ಕದ್ದರಂತೆ, ನಮ್ಮಜ್ಜ ಹೇಳೋರು’ ಅಂದೆ. ಅವರು ಡಬ್ಬಿ ಕೆಳಗಿಟ್ಟರು. ‘ನಿಮ್ಮ ಬ್ರಿಟಿಷರು ನಮ್ಮ ಉಪ್ಪು ಕಿತ್ಕೊಂಡ್ರು, ಅದು ಗೊತ್ತಾ? ಉಪ್ಪಿನಾಗರ ಹೋಯ್ತು, ನಮ್ಮಜ್ಜಿಯ ಅಪ್ಪ ಧೋಬಿ ತಲಾವಿನ ಕೂಡಿಗೆ ಬಂದು ಬಿದ್ದ. ರೈಲು ಬಂತು, ಹೌದು. ಅದೇ ರೈಲಲ್ಲಿ ಊರು ಖಾಲಿಯಾಯ್ತು.’ ಕೂಡ್ ಅಂದರೆ ಗೋವೆಯ ಒಂದೊಂದು ಹಳ್ಳಿಯವರು ಮುಂಬಯಿಯಲ್ಲಿ ಮಾಡಿಕೊಂಡಿರುವ ವಸತಿ. ಒಂದು ಟ್ರಂಕು ಇಡುವಷ್ಟು ಜಾಗ, ಗೋಡೆಗೆ ಒಂದು ದೇವರು.

ಆ ದಿನ ನಾವಿಬ್ಬರೂ ತಡವಾಗಿ ಸೀಟಿಗೆ ಹೋದೆವು. ನನಗೆ ಬೈಯಲು ಇದ್ದ ಒಬ್ಬ ಶತ್ರುವೂ ಕೈತಪ್ಪಿಹೋಗಿದ್ದ.

ಆಮೇಲೆ ಹುಡುಕಿದರೆ ಅವರ ಮಾತು ನಿಜವೇ. ಮುರ್ಮುಗೋವಾದ ರೈಲು ಎಣಿಸಿದಷ್ಟು ಗಳಿಸಲಿಲ್ಲ. ಲೋಂಡಾದಿಂದ ಬೆಳಗಾವಿಯ ಮೇಲೆ ಪುಣೆಗೂ ಹಳಿ ಕೂಡಿದ ಮೇಲೆ ಹುಬ್ಬಳ್ಳಿಯ ಹತ್ತಿಗೆ ಮುಂಬಯಿಯ ದಾರಿ ಸಲೀಸಾಯಿತು. ಮುಂಬಯಿಯಲ್ಲಿ ಗಿರಣಿ ಇದೆ, ದಲಾಲಿ ಇದೆ, ಬ್ಯಾಂಕು, ವಿಮೆ ಎಲ್ಲವೂ ಇದೆ. ಮುರ್ಮುಗೋವಾದಲ್ಲಿ ಏನಿದೆ? ಆಳವಾದ ನೀರು. ರೈಲಿನ ನಷ್ಟಕ್ಕೆ ಖಾತರಿ ಕೊಟ್ಟ ಪೋರ್ಚುಗೀಸರು ಕೈಯಿಂದ ಬಡ್ಡಿ ತುಂಬುತ್ತ ಕೂತರು. 1892ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಅದು ಮುಂದುವರಿಯಲಿಲ್ಲ, ಸುಂಕದ ಗಡಿ ಮತ್ತೆ ಎದ್ದಿತು. 1902ರಲ್ಲಿ ರೈಲನ್ನು ನಡೆಸುವ ಕೆಲಸವೂ ಸದರ್ನ್ ಮರಾಠಾ ಕಂಪನಿಯ ಕೈಗೆ ಹೋಯಿತು. ಸಂಡೂರಿನ ಮ್ಯಾಂಗನೀಸು, ಸ್ವಾತಂತ್ರ್ಯದ ಆಸುಪಾಸಿನಿಂದ ಗೋವೆಯದೇ ಕಬ್ಬಿಣದ ಅದಿರು ಬಂದ ಮೇಲೆ ಮುರ್ಮುಗೋವಾ ಚೇತರಿಸಿಕೊಂಡಿತು. ಹತ್ತಿಗಾಗಿ ಕಟ್ಟಿದ್ದನ್ನು ಕೊನೆಗೆ ಅದಿರು ಉಳಿಸಿತು.

ಮೂರು ಬಂದರುಗಳ ಜಮಾಖರ್ಚು ಬರೆದರೆ ಹೀಗೆ. ಕುಮಟೆಗೆ ಹೆಸರಿತ್ತು, ಆಸರೆಯ ನೀರಿರಲಿಲ್ಲ. ಕಾರವಾರಕ್ಕೆ ನೀರಿತ್ತು, ಹಳಿ ಇರಲಿಲ್ಲ. ಮುರ್ಮುಗೋವಾಕ್ಕೆ ನೀರೂ ಹಳಿಯೂ ಇತ್ತು, ಬೆನ್ನ ಹಿಂದಿನ ಸೀಮೆ ಪರರಾಜ್ಯದ್ದು. ಬಂದರೆಂಬುದು ಸಮುದ್ರದಿಂದ ಬದುಕುವುದಿಲ್ಲ, ಬೆನ್ನ ಹಿಂದಿನ ನೆಲದಿಂದ ಬದುಕುತ್ತದೆ. ಆ ನೆಲಕ್ಕೆ ಮೊದಲು ಹಳಿ ಹಾಕಿದ್ದು ಮುಂಬಯಿ. ನೆರೆಯ ಬಂದರುಗಳು ಒಂದನ್ನೊಂದು ಬೈದುಕೊಳ್ಳುತ್ತಿರುವಾಗ ಲಾಭ ಕೂಡಿದ್ದು ಇಲ್ಲಿ. ಹತ್ತಿಯ ಹಿಂದೆ ಕುಮಟೆಯವನೂ ಬಂದ, ಕಾರವಾರದವನೂ ಬಂದ, ಗೋವೆಯವನೂ ಬಂದ. ಮೂವರೂ ಇಲ್ಲಿ ಒಂದೇ ಲೋಕಲ್ ಗಾಡಿಯಲ್ಲಿ ನೇತಾಡಿದೆವು.

ಇದನ್ನೆಲ್ಲ ಊರಿನಲ್ಲಿ ಹೇಳಿದರೆ, ‘ಆಗಿಹೋದ ಕತೆ ಬಿಡಿ’ ಅನ್ನುತ್ತಾರೆ. ಆಗಿಹೋಗಿದೆಯೇ? 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಈಗಲಾದರೂ ಕಾರವಾರ ದೊಡ್ಡ ಬಂದರಾಗುತ್ತದೆ ಎಂದು ಅಜ್ಜ ಕಾದರು. 1974ರಲ್ಲಿ ಮಹಾ ಬಂದರೆಂದು ಘೋಷಣೆಯಾದದ್ದು ನವ ಮಂಗಳೂರು. ಅಜ್ಜನ ಬೈಗುಳದ ಪಟ್ಟಿಗೆ ಮಂಗಳೂರೂ ಸೇರಿತು! 1986ರಲ್ಲಿ ಕಾರವಾರದಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಮ್ಯಾಂಚೆಸ್ಟರಿನವರು ಮೆಚ್ಚಿದ್ದ ಆ ಆಸರೆಯ ನೀರಿಗೆ ಕೊನೆಗೆ ಕೆಲಸ ಸಿಕ್ಕಿತು, ಆದರೆ ಅದು ವ್ಯಾಪಾರವಲ್ಲ. ಅದಕ್ಕಾಗಿ ಎಷ್ಟೋ ಊರುಗಳ ಜನ ಮನೆ, ಗದ್ದೆ ಬಿಟ್ಟು ಎದ್ದರು.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿದಾಗ ನಾವು ಮುಂಬಯಿಯವರು ಕುಣಿದಾಡಿದೆವು. ನಾನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮತ್ಸ್ಯಗಂಧಾ ಹತ್ತಿ ನಸುಕಿನಲ್ಲಿ ಕುಮಟೆಯಲ್ಲಿ ಇಳಿದಾಗ ಅಜ್ಜ ಇರಬೇಕಿತ್ತು ಅನಿಸಿತು. ಆಮೇಲೆ ಬ್ಯಾಂಕಿನವನ ಬುದ್ಧಿ ಸುಮ್ಮನಿರಲಿಲ್ಲ. ಈ ಹಳಿ ಹೋಗುವುದು ಎತ್ತ? ಸಮುದ್ರದ ಗುಂಟ, ಉತ್ತರಕ್ಕೆ ಮುಂಬಯಿ, ದಕ್ಷಿಣಕ್ಕೆ ಮಂಗಳೂರು. ಅಜ್ಜ ಕೇಳಿದ ರೈಲು ಇದಲ್ಲ. ಅವರು ಕೇಳಿದ್ದು ಪೂರ್ವಕ್ಕೆ, ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ಹಳಿ. 1990ರ ದಶಕದ ಕೊನೆಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಕಟ್ಟಿ ಮುಗಿದಿಲ್ಲ. ನಡುವೆ ಕಾಡು ಇದೆ, ಕೋರ್ಟು ಇದೆ. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲೂ ನ್ಯಾಯವಿದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವುದನ್ನು ನೋಡಿದ ಮೇಲೆ, ಹಳಿ ಹಾಕಿಯೇ ಸಿದ್ಧ ಎಂದು ಮುಂಬಯಿಯಲ್ಲಿ ಕೂತು ಕೂಗಲು ನನಗೂ ಧೈರ್ಯವಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಮಾಲು ಸಾಗಿಸುವ ಹಳಿ ಬರಲಿಲ್ಲ, ಮಕ್ಕಳನ್ನು ಸಾಗಿಸುವ ಹಳಿ ಬಂತು. ಆ ಹಳಿಯ ಮೇಲೆಯೇ ನನ್ನ ತಮ್ಮನ ಮಗನೂ ಬಂದು ಈಗ ಠಾಣೆಯಲ್ಲಿದ್ದಾನೆ. ಆ ಲೆಕ್ಕದಲ್ಲಿ ಅವನು ಐದನೆಯವನು.

ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆ ಊರಿಗೆ ಹೋಗಿ ಮನೆಯ ಬೀಗ ತೆಗೆಯುತ್ತೇನೆ. ಹೋದ ಸಲ ಕಪಾಟಿನ ಮೂಲೆಯಲ್ಲಿ ಮುತ್ತಜ್ಜನ ಕೈಬರಹದ ಒಂದು ಕಿರ್ದಿ ಪುಸ್ತಕ ಸಿಕ್ಕಿತು. ಗೆದ್ದಲು ಅರ್ಧ ತಿಂದಿದೆ. ಉಳಿದ ಪುಟಗಳಲ್ಲಿ ಅಂಡಿಗೆಗಳ ಲೆಕ್ಕ, ದೋಣಿಗಳ ಬಾಡಿಗೆ. ಆ ಅಕ್ಷರದ ಮೇಲೆ ಕೈಯಾಡಿಸಿ, ಕೂಡಿಸಿ ನೋಡಿದೆ. ಮೊತ್ತ ಸರಿಯಾಗಿತ್ತು, ಒಂದು ಪೈಯೂ ತಪ್ಪಿರಲಿಲ್ಲ. ಪುಸ್ತಕವನ್ನು ಮುಂಬಯಿಗೆ ತರಬೇಕೋ ಅಲ್ಲೇ ಬಿಡಬೇಕೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಬಟ್ಟೆಯಲ್ಲಿ ಸುತ್ತಿ, ಕರ್ಪೂರ ಇಟ್ಟು, ಅಲ್ಲೇ ಬಿಟ್ಟು ಬಂದೆ. ನಮ್ಮ ಮನೆಯಿಂದ ಮುಂಬಯಿಗೆ ಹೋದದ್ದು ಸಾಕು ಅನಿಸಿತು.